ಬೀದರಿಗೆ ಬಂದ ಮೀನು ಸಾಹೇಬರು

ಸಾಹೇಬರು ತೀರಿಕೊಂಡರೆಂದು ಅವರ ಮಗಳು ಫೋನ್ ಮಾಡಿ ಹೇಳಿದಳು. ಇಂಥ ಸುದ್ದಿ ಹೇಳುವವರು ಸಾಮಾನ್ಯವಾಗಿ ಕೊನೆಗೊಂದು ಮಾತು ಸೇರಿಸುತ್ತಾರೆ: ಸಮಾಧಾನದಿಂದ ಹೋದರು, ನಿದ್ದೆ ಬಂದ ಹಾಗೆ ಹೋದರು ಎಂದು. ಈಕೆ ಹಾಗೆ ಹೇಳಲಿಲ್ಲ. ಅಪ್ಪನ ಸಿಟ್ಟು ಕೊನೆಯ ದಿನದವರೆಗೂ ಇಳಿಯಲಿಲ್ಲ ಎಂದಳು. ದುಃಖದ ನಡುವೆಯೂ ನನಗೆ ಒಂದು ಬಗೆಯ ನೆಮ್ಮದಿಯಾಯಿತು. ಸಿಟ್ಟು ಇಳಿದಿದ್ದರೆ ಹೋದವರು ಅವರಲ್ಲ, ಬೇರೆ ಯಾರೋ ಎಂದುಕೊಳ್ಳಬೇಕಾಗುತ್ತಿತ್ತು.

ಹೈದರಾಬಾದ್ ರಾಜ್ಯ ಮೂರು ಪಾಲಾಗಿ ನಮ್ಮ ಬೀದರ್ ಮೈಸೂರಿನ ಪಾಲಿಗೆ ಬಂದ ಮರುಬೇಸಿಗೆಯಲ್ಲಿ ಅವರು ನಮ್ಮ ಕಚೇರಿಗೆ ಬಂದರು. ನಾನು ಆಗಷ್ಟೇ ಮೀನುಗಾರಿಕೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರನಾಗಿ ಸೇರಿದ್ದೆ. ಇಲಾಖೆ ಎಂದರೆ ಹಳೆಯ ಕಟ್ಟಡವೊಂದರ ಹಿಂಬದಿಯ ಕೋಣೆ, ಎರಡು ಮೇಜು, ಮಾಣಿಕಪ್ಪ ಎಂಬ ಜವಾನ, ಮತ್ತು ನಾನು. ನಮ್ಮ ಮನೆಮಾತು ದಖನಿ. ಓಣಿಯಲ್ಲಿ ಆಡುತ್ತ ಕನ್ನಡ ಬಾಯಿಗೆ ಬಂದಿತ್ತೇ ಹೊರತು, ಓದಿದ್ದು ಬರೆದಿದ್ದು ಎಲ್ಲ ಉರ್ದುವಿನಲ್ಲಿ. ಇನ್ನು ಮೇಲೆ ಕಾಗದಪತ್ರವೆಲ್ಲ ಕನ್ನಡದಲ್ಲಿ ಎಂದು ಹುಕುಂ ಬಂದಿತ್ತು. ಮೈಸೂರನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಅಲ್ಲಿಂದ ಬರುವ ಸಾಹೇಬ ಎಂಥವನೋ, ಬಂದ ದಿನವೇ ನನ್ನನ್ನು ಮನೆಗೆ ಕಳಿಸುತ್ತಾನೋ ಎಂಬ ದಿಗಿಲಿತ್ತು.

ಬಂದವರು ಮೈಸೂರಿನವರಾಗಿರಲಿಲ್ಲ. ಪಶ್ಚಿಮದ ಕರಾವಳಿಯವರು, ಅಷ್ಟು ದಿನ ಮುಂಬಯಿಗೆ ಸೇರಿದ್ದ ಒಂದು ಜಿಲ್ಲೆಯವರು. ಗಿಡ್ಡನೆಯ ಕಪ್ಪು ಮನುಷ್ಯ, ದಪ್ಪ ಮುಂಗೈ, ಅಂಗಿಯ ತೋಳು ಯಾವಾಗಲೂ ಮಡಚಿರುತ್ತಿತ್ತು. ಟ್ರಂಕನ್ನು ಕೋಣೆಯ ಮೂಲೆಗಿಟ್ಟು, ಬೆವರು ಒರೆಸಿಕೊಂಡು, ಮೊದಲು ಕೇಳಿದ್ದು ಇಲ್ಲಿ ನೀರೆಲ್ಲಿದೆ ಎಂದು. ಮಾಣಿಕಪ್ಪ ಓಡಿಹೋಗಿ ಮಣ್ಣಿನ ಕೊಡದಿಂದ ಒಂದು ಲೋಟ ತುಂಬಿ ತಂದ. ಅವರು ಅದನ್ನು ಕುಡಿದು, ತಾವು ಕೇಳಿದ್ದು ಮೀನು ಇರುವ ನೀರನ್ನು ಎಂದರು. ಮಾಣಿಕಪ್ಪ ನನ್ನ ಮುಖ ನೋಡಿದ. ಆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟವಿತ್ತು. ಕೆರೆಗಳು ಬಿರುಕು ಬಿಟ್ಟಿದ್ದವು. ಮಾಂಜ್ರಾ ನದಿ ಅಲ್ಲಲ್ಲಿ ಮಡುಗಳಾಗಿ ನಿಂತಿತ್ತು. ಸಮುದ್ರದ ಮೇಲೆ ಕೆಲಸ ಮಾಡಿದ ಅಧಿಕಾರಿಯನ್ನು ಈ ಊರಿಗೆ ಯಾಕೆ ಕಳಿಸಿದರೆಂದು ನನಗೆ ಅರ್ಥವಾಗಲಿಲ್ಲ. ಅವರಿಗೆ ಚೆನ್ನಾಗಿ ಅರ್ಥವಾಗಿತ್ತು.

ನನ್ನ ಕನ್ನಡದ ಸಂಗತಿಯನ್ನು ನಾನೇ ಹೇಳಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. "ನಿಮ್ಮನ್ನ ಹೈದರಾಬಾದಿನವರು ಬಿಟ್ಟುಕೊಟ್ರು, ನಮ್ಮನ್ನ ಮುಂಬಯಿಯವರು ಬಿಟ್ಟುಕೊಟ್ರು. ಇಬ್ಬರೂ ಹೊಸಬರೇ ಮಾರಾಯ" ಎಂದರು. ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ತಾವು ಹೇಳುವುದು, ನಾನು ಬರೆಯುವುದು ಶುರುವಾಯಿತು. ಅವರಿಗೆ ಹೇಳಲು ಒಂದೇ ವಿಷಯವಿತ್ತು. ಹಾಗಾಗಿ ಬೀದರಿನಲ್ಲಿ ಕುಳಿತು ನಾನು ಬರೆಯಲು ಕಲಿತ ಮೊದಲ ಕನ್ನಡ ಮಾತುಗಳು ಬೀದರಿಗೆ ಯಾವ ಕೆಲಸಕ್ಕೂ ಬಾರದವು: ಕೊಲ್ಲಿ, ಅಳಿವೆ, ಉಬ್ಬರ, ಇಳಿತ. ನದಿ ಸಮುದ್ರಕ್ಕೆ ಬೀಳುವ ಜಾಗಕ್ಕೆ ಅಳಿವೆ ಎನ್ನುತ್ತಾರೆಂದು ತಿಳಿಯುವ ಹೊತ್ತಿಗೆ ನನಗೆ ತಹಸೀಲ್ದಾರ ಎಂದು ಸರಿಯಾಗಿ ಬರೆಯಲು ಬರುತ್ತಿರಲಿಲ್ಲ.

ಅವರ ಊರಿನ ಹೆಸರು ಇಲ್ಲಿ ಬೇಡ. ಆ ಊರು ಒಂದು ಕೊಲ್ಲಿಯ ದಂಡೆಯ ಮೇಲಿದೆ. ಕೊಲ್ಲಿಯ ಆಕಾರ ಹೇಳುವಾಗ ಅವರು ಎಡಗೈಯನ್ನು ಮೊಣಕೈಯ ಹತ್ತಿರ ಬಗ್ಗಿಸಿ ಎದೆಯ ಮುಂದೆ ಹಿಡಿಯುತ್ತಿದ್ದರು. ಮುಷ್ಟಿ ಎಂದರೆ ಬಡಗು ಬದಿಯ ಬಂಡೆಯ ಮೂಲೆ. ಮೊಣಕೈ ಎಂದರೆ ಅಳಿವೆ. ಅಲ್ಲಿ ಹೊಳೆ ಬಂದು ಸೇರುತ್ತದೆ. ಅದರ ಎರಡೂ ಬದಿಗೆ ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಲ್ಲುವ ಕಾಂಡ್ಲ ಗಿಡಗಳ ಕಾಡು. ಸೀಗಡಿ, ಮೀನು ಮರಿ ದೊಡ್ಡದಾಗುವುದು ಆ ಬೇರುಗಳ ಸಂದಿಯಲ್ಲಿ. ಕೊಲ್ಲಿಯಲ್ಲಿ ಹಿಡಿಯುವ ಮೀನೆಲ್ಲ ಒಂದು ಕಾಲದಲ್ಲಿ ಅಲ್ಲಿ ಮರಿಯಾಗಿದ್ದವೇ ಎಂದು ಅವರು ಹೇಳುತ್ತಿದ್ದರು. ಚಹದ ಅಂಗಡಿಯಲ್ಲಿ, ಬಸ್ಸಿನಲ್ಲಿ, ತಹಸೀಲ್ದಾರರ ಕೋಣೆಯ ಹೊರಗೆ ಬೆಂಚಿನ ಮೇಲೆ, ಎಲ್ಲಿ ಬೇಕಾದರೂ ಆ ಕೈ ಬಾಗುತ್ತಿತ್ತು. ಕೇಳುವವರು ಯಾರೆಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಒಮ್ಮೆ ಮನ್ನಳ್ಳಿಯಿಂದ ಬಂದ ಒಬ್ಬ ರೈತ, ಜಮೀನಿನ ಕೆಲಸಕ್ಕೆ ಬಂದವನು, ಅಷ್ಟನ್ನೂ ಕೇಳಿ ಸಾಹೇಬರ ಕೈಗೆ ಏನೋ ನೋವಾಗಿದೆಯೆಂದು ತಿಳಿದು ಎಣ್ಣೆಯ ಹೆಸರು ಹೇಳಿದ.

ಆ ಕೊಲ್ಲಿಗೆ ಧಕ್ಕೆ ಬೇಕೆಂದು ಮೊದಲು ಕೇಳಿದವರು ಅವರೇ. ಧಕ್ಕೆ ಎಂದರೆ ಹಡಗು, ದೋಣಿ ಬಂದು ನಿಲ್ಲುವ ಕಟ್ಟೆ. ಅವರು ಮೀನುಗಾರರ ಮನೆಯವರು. ತಮ್ಮ ಕೇರಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಹಿಡಿದ ಮೀನು ಬಿಸಿಲಿಗೆ ಕೊಳೆಯುವುದನ್ನು ಹುಟ್ಟಿನಿಂದ ನೋಡಿದ್ದರು. ಧಕ್ಕೆ ಬಂದರೆ ಅದಿರಿನ ಹಡಗು ಬರುತ್ತದೆ, ಅದರ ಹಿಂದೆ ರಸ್ತೆ ಬರುತ್ತದೆ, ಐಸ್ ಕಾರ್ಖಾನೆ ಬರುತ್ತದೆ ಎಂದು ಮುಂಬಯಿ ಸರಕಾರದ ಮುಂದೆ ಹೇಳಿ ಹೇಳಿ ಒಪ್ಪಿಸಿದ್ದರು. ಒಪ್ಪಿದ ಮೇಲೆ ತಂಟೆ ಶುರುವಾಯಿತು. ಬಡಗು ಬದಿಗೆ ಬಂಡೆ ಒಡೆದು ಕಟ್ಟುವುದು ದುಬಾರಿ. ಅಳಿವೆಯ ಬಾಯಲ್ಲಿ ಕಾಂಡ್ಲ ಕಡಿದು, ಹೂಳೆತ್ತಿದ ಮಣ್ಣು ತುಂಬಿದರೆ ಅಗ್ಗವಾಗಿ, ಬೇಗ ಮುಗಿಯುತ್ತದೆ. ಅದಿರಿನ ವ್ಯಾಪಾರಿಗಳಿಗೆ ಅಗ್ಗದ್ದು ಬೇಕಿತ್ತು. ಇವರು ಅಳಿವೆಯಲ್ಲಿ ಬೇಡ, ಬಡಗು ಬದಿಗೆ ಕಟ್ಟಿ ಎಂದರು.

ವ್ಯಾಪಾರಿಗಳು ಇವರನ್ನು ಅಭಿವೃದ್ಧಿಯ ವೈರಿ ಎಂದರು. ಮೀನುಗಾರರಲ್ಲಿ ಧಕ್ಕೆಯೇ ಬೇಡ ಎನ್ನುವವರು, ಈ ಪೀಡೆಯನ್ನು ತಂದವನೇ ಇವನು ಎಂದರು. ಸಂತೆಯಲ್ಲಿ ಹೆಂಗಸರು ಇವರ ಹೆಂಡತಿಗೆ ಮೀನು ಕೊಡುವುದನ್ನು ನಿಲ್ಲಿಸಿದರಂತೆ. ಅಷ್ಟರಲ್ಲಿ ರಾಜ್ಯಗಳು ಹೊಸದಾಗಿ ಕೂಡಿದವು. ಹೊಸ ಸರಕಾರಕ್ಕೆ ಹೊಸದಾಗಿ ಬಂದ ಕರಾವಳಿಗೆ ಏನಾದರೂ ಬೇಗ ಮಾಡಿ ತೋರಿಸಬೇಕಿತ್ತು. ಇವರ ಮೇಲಿನವರಿಗೆ ಇವರ ಬಾಯಿಯಿಂದ ಬಿಡುಗಡೆ ಬೇಕಿತ್ತು. ಭೂಪಟದಲ್ಲಿ ಸಮುದ್ರದಿಂದ ಅತಿ ದೂರದ ಜಿಲ್ಲೆ ಯಾವುದೆಂದು ಹುಡುಕಿ ಇಲ್ಲಿಗೆ ಹಾಕಿದರು.

"ನಾನು ಬೇಡ ಅನ್ನಲಿಲ್ಲ. ಅಲ್ಲಿ ಬೇಡ ಅಂದೆ" ಎಂಬುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಎರಡು ವಾಕ್ಯದ ನಡುವೆ ಇರುವ ಅಂತರ ಜನಕ್ಕೆ ಯಾಕೆ ಕೇಳಿಸುವುದಿಲ್ಲ ಎಂದು ಅವರಿಗೆ ಉರಿ. ಬೇಕು ಅನ್ನುವವನಿಗೆ ಒಂದು ಗುಂಪಿದೆ, ಬೇಡ ಅನ್ನುವವನಿಗೆ ಒಂದು ಗುಂಪಿದೆ, ಎರಡೂ ಉಳಿಯಲಿ ಅನ್ನುವವನಿಗೆ ಕೂರಲು ಒಂದು ಚಾಪೆಯೂ ಇಲ್ಲ ಎನ್ನುತ್ತಿದ್ದರು.

ಬೀದರಿನ ಅಂಚಿನ ಚಿದ್ರಿಯಲ್ಲಿ ಅವರೊಂದು ಮನೆ ಹಿಡಿದರು. ಸ್ವಲ್ಪ ದಿನಕ್ಕೆ ಹೆಂಡತಿ, ಮಗಳು ಬಂದರು. ಊರಿನಿಂದ ಅವರ ಅಣ್ಣ ಒಣಮೀನಿನ ಗಂಟು ಕಳಿಸುತ್ತಿದ್ದ. ಅದು ಬಂದ ದಿನ ಕಚೇರಿಯಲ್ಲಿ ಮಾಣಿಕಪ್ಪ ಮೂಗಿಗೆ ಧೋತರದ ಚುಂಗು ಹಿಡಿದೇ ಕೆಲಸ ಮಾಡುತ್ತಿದ್ದ. ಮನೆಯ ಮಾಲೀಕರು ಮೀನು ಮುಟ್ಟದವರು. ವಾಸನೆಯ ವಿಷಯ ಹೇಳಲು ಬಂದವರು ಒಂದು ಗಂಟೆ ಕೊಲ್ಲಿಯ ಕಥೆ ಕೇಳಿ, ಬಂದ ವಿಷಯ ಹೇಳದೆಯೇ ಎದ್ದು ಹೋದರು. ನನ್ನ ತಾಯಿ ಮಾತ್ರ ಆ ಒಣಮೀನನ್ನು ಖುಷಿಯಿಂದ ಇಸಿದುಕೊಂಡು ಹುಣಸೆ ಹುಳಿ ಹಾಕಿ ಸಾಲನ್ ಮಾಡುತ್ತಿದ್ದಳು. ಸಾಹೇಬರು ಅದನ್ನು ಉಂಡು, ಬೀದರಿನಲ್ಲಿ ನನ್ನ ಕಡೆ ಇರುವವರು ನಿಮ್ಮ ತಾಯಿ ಒಬ್ಬರೇ ಎಂದಿದ್ದರು.

ಸಿಟ್ಟಿನ ಮನುಷ್ಯ ಎಂದ ಮಾತ್ರಕ್ಕೆ ಇಲ್ಲಿಯ ಕೆಲಸದಲ್ಲಿ ಉದಾಸೀನ ಮಾಡಲಿಲ್ಲ. ಔರಾದಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಮಾಂಜ್ರಾ ದಂಡೆಯ ಒಂದು ಹಳ್ಳಿಗೆ ನಾವು ಮೇಲಿಂದ ಮೇಲೆ ಹೋಗುತ್ತಿದ್ದೆವು. ಅಲ್ಲಿ ಭೋಯಿ ಜನರ ಕೆಲವು ಮನೆಗಳಿದ್ದವು. ಹೊಳೆಯಲ್ಲಿ ಬಲೆ ಹಾಕಿ ಬದುಕುವವರು. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಾದಾಗ ಮೀನೆಲ್ಲ ಅವುಗಳಲ್ಲಿ ಸೇರಿಕೊಳ್ಳುತ್ತದೆ. ಆಗ ಬಲೆ ಹಾಕಿದರೆ ಸುಲಭದ ಬೇಟೆ. ಆದರೆ ಮಳೆಗಾಲಕ್ಕೆ ಮರಿ ಹಾಕಲು ಏನೂ ಉಳಿಯುವುದಿಲ್ಲ. ಉಳಿದ ಮಡುಗಳಲ್ಲಿ ಹಿಡಿಯಿರಿ, ಅತಿ ಆಳದ ಒಂದು ಮಡುವನ್ನು ಮಳೆ ಬರುವತನಕ ಮುಟ್ಟಬೇಡಿ ಎಂದು ಸಾಹೇಬರು ಕೇಳಿಕೊಂಡರು. ಆ ಮನೆಗಳಿಗೆಲ್ಲ ಹಿರಿಯಳೆಂದರೆ ಗಂಗಾಬಾಯಿ. ನಾವು ಬಿಟ್ಟರೆ ಬೇರೆಯವರು ಬಂದು ಹಿಡಿಯುವುದಿಲ್ಲವೇ ಎಂದು ಆಕೆ ಕೇಳಿದಳು. ಯಾರೂ ಹಿಡಿಯದ ಹಾಗೆ ನೋಡಿಕೊಳ್ಳುವುದು ತಮ್ಮ ಜವಾಬ್ದಾರಿ ಎಂದು ಸಾಹೇಬರು ಮಾತು ಕೊಟ್ಟರು.

ಅವರು ಬಿಟ್ಟರು. ಮುಂದಿನ ಚಳಿಗಾಲದ ಹೊತ್ತಿಗೆ ಹೊಳೆಯಲ್ಲಿ ಮೀನು ಕಣ್ಣಿಗೆ ಕಾಣುವಷ್ಟು ಹೆಚ್ಚಾಗಿತ್ತು. ಗಂಗಾಬಾಯಿ ತಾನೇ ಹೇಳಿಕಳಿಸಿ ನಮ್ಮನ್ನು ಕರೆಸಿದಳು. ಮರಳಿನ ಮೇಲೆ ಕುಳಿತು ಜೋಳದ ರೊಟ್ಟಿ, ಖಾರ ಹಚ್ಚಿ ಸುಟ್ಟ ಮೀನು ಉಂಡೆವು. ಸಾಹೇಬರು ನಕ್ಕದ್ದನ್ನು ನಾನು ಅಷ್ಟು ಹೊತ್ತು ಒಟ್ಟಿಗೆ ನೋಡಿದ್ದು ಅಂದೇ. ಗಾಡಿಯಲ್ಲಿ ವಾಪಸ್ ಬರುವಾಗ, ಒಂದು ಚಿಕ್ಕ ಹೊಳೆಯಲ್ಲಿ ಆಗುವುದು ದೊಡ್ಡ ಕೊಲ್ಲಿಯಲ್ಲಿ ಯಾಕೆ ಆಗಬಾರದು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಎರಡನೆಯ ಬೇಸಿಗೆಯೂ ಭೋಯಿಗಳು ಆ ಮಡುವನ್ನು ಮುಟ್ಟಲಿಲ್ಲ.

ಆ ಎರಡನೆಯ ಬೇಸಿಗೆಯ ನಡುವೆ ಅವರ ಅಣ್ಣ ಬೀದರಿಗೆ ಬಂದ. ಯಾರದೋ ಕೋಟು, ಕೆಳಗೆ ಪಂಚೆ. ರೈಲು ಹಾದಿಯ ಉದ್ದಕ್ಕೂ ನೀರು ಕಾಣದೆ ಮನುಷ್ಯ ಕಂಗಾಲಾಗಿದ್ದ. ಆತ ಮೀನುಗಾರರ ಕೇರಿಯ ಯಜಮಾನ. ಧಕ್ಕೆಗೆ ಅವನ ಕೇರಿ ಒಪ್ಪಿದರೆ ಕೆಲಸ ಶುರು ಮಾಡುತ್ತೇವೆ, ಜೊತೆಗೆ ಐಸ್ ಕಾರ್ಖಾನೆ ಹಾಕಿಸಿಕೊಡುತ್ತೇವೆ ಎಂದು ಮೇಲಿನಿಂದ ಮಾತು ಬಂದಿತ್ತು. ಕೇರಿಯಲ್ಲಿ ಅರ್ಧ ಜನ, ಓದಿದವನು ಅಳಿವೆಯಲ್ಲಿ ಬೇಡವೆಂದಿದ್ದಾನಲ್ಲ ಎಂದು ಹಿಂಜರಿಯುತ್ತಿದ್ದರು. ತಮ್ಮನೇ ಒಪ್ಪಿ ಒಂದು ಮಾತು ಹೇಳಿದರೆ ಗಂಟು ಬಿಚ್ಚುತ್ತದೆಂದು ಅಣ್ಣ ಅಷ್ಟು ದೂರದಿಂದ ಬಂದಿದ್ದ. ಅಂದು ಭಾನುವಾರ. ನಾನು ಚಿದ್ರಿಯ ಮನೆಯಲ್ಲೇ ಇದ್ದೆ.

ಮೊದಲು ಮನೆಮಾತು, ಊರಿನ ಮಾತು ಆಯಿತು. ಆಮೇಲೆ ಅಣ್ಣ ವಿಷಯಕ್ಕೆ ಬಂದ. ಸಾಹೇಬರು ತಮ್ಮ ಹಳೆಯ ಮಾತನ್ನೇ ಹೇಳಿದರು. ಅಣ್ಣ ಏರುದನಿಯಲ್ಲೇನೂ ಮಾತಾಡಲಿಲ್ಲ.

"ನಿಂಗೆ ತಿಂಗಳಾದ್ರೆ ಸಂಬಳ ಬತ್ತದೆ. ಹಿಡಿದ ಮೀನು ಕೊಳೆಯೂದು ಅಂದ್ರೆ ಎಂತ ಅಂತ ನಿಂಗೆ ಮರೆತು ಹೋಗದೆ. ಐಸ್ ಇಲ್ಲದೆ ಹೋದ ವರ್ಷವೂ ಬುಟ್ಟಿಗಟ್ಟಲೆ ತೆಂಗಿನ ಬುಡಕ್ಕೆ ಹಾಕ್ದೆವು. ಬಡಗು ಬದಿಗೆ ಕಟ್ಟೂದಾದ್ರೆ ಅವ್ರು ಕಟ್ಟೂದೇ ಇಲ್ಲ. ಅಳಿವೇಲಿ ಕೊಡ್ತೇವೆ ಅಂದವ್ರೆ. ಕೊಟ್ಟಲ್ಲಿ ತಕೊಳ್ಳಬೇಕಲ್ಲ?"

ನನಗೂ ಅಣ್ಣನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಅಷ್ಟು ದಿನ ಒಂದೇ ಕಡೆಯ ವಾದ ಕೇಳಿದ್ದ ನಾನು, ಕೊಳೆತ ಮೀನನ್ನು ತನ್ನ ಕೈಯಾರೆ ಗಿಡದ ಬುಡಕ್ಕೆ ಸುರಿದವನನ್ನು ನೋಡಿದ್ದು ಆಗಲೇ. ಸಾಹೇಬರು, ನಾಳೆ ಒಂದು ದಿನ ನನ್ನ ಜೊತೆ ಬಾ, ಒಂದು ಜಾಗ ತೋರಿಸುತ್ತೇನೆ, ಆಮೇಲೆ ನೀನು ಹೇಳಿದ ಹಾಗೆ ಮಾಡುತ್ತೇನೆ ಎಂದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಔರಾದಕ್ಕೆ ಹೊರಟೆವು. ಸಾಹೇಬರ ಮುಖದಲ್ಲಿ ಮದುವೆ ಮನೆಗೆ ಕರೆದುಕೊಂಡು ಹೋಗುವ ಉತ್ಸಾಹವಿತ್ತು. ಗಾಡಿಯಲ್ಲಿ ದಾರಿಯುದ್ದಕ್ಕೂ ಗಂಗಾಬಾಯಿಯ ಕಥೆ ಹೇಳಿದರು. ಆಕೆಗೆ ಅಕ್ಷರ ಬಾರದು, ಹಸಿವೆ ನಿಮಗಿಂತ ಕಡಿಮೆಯಲ್ಲ, ಆದರೂ ಒಂದು ಮಡು ಬಿಟ್ಟಳು, ಈಗ ನೋಡು ಎಂದರು. ಅಣ್ಣ ಹೂಂ ಎನ್ನುತ್ತ ಕಪ್ಪು ನೆಲದ ಬಯಲನ್ನು ನೋಡುತ್ತಿದ್ದ.

ಹೊಳೆ ಕಾಣುವ ಮೊದಲೇ ವಾಸನೆ ಬಂತು. ಮೀನು ಗೊತ್ತಿರುವ ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಸಾಹೇಬರು ಗಾಡಿ ನಿಲ್ಲುವುದನ್ನೂ ಕಾಯದೆ ಹಾರಿ ಇಳಿದು ಓಡಿದರು.

ಮಡುವಿನ ನೀರು ಕೆಸರಾಗಿ ಕಲಕಿತ್ತು. ದಂಡೆಯ ಸುತ್ತ ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡವನ್ನು ತೆಗೆದುಕೊಂಡು ಹೋಗಿದ್ದರು. ಮಾರಲು ಬಾರದ ಸಣ್ಣವನ್ನು ಬಿಟ್ಟುಹೋಗಿದ್ದರು. ಬಾವಿಯ ಕಲ್ಲು ಒಡೆಯಲು ಬಳಸುವ ಮದ್ದನ್ನು ನೀರಿನಲ್ಲಿ ಸಿಡಿಸಿದ್ದರು. ಅದರ ಸುಟ್ಟ ಬತ್ತಿ ಮರಳಿನಲ್ಲಿ ಬಿದ್ದಿತ್ತು. ಗಂಗಾಬಾಯಿ ತನ್ನ ಗುಡಿಸಲ ಮುಂದೆ ಕುಳಿತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ.

"ನೀವು ಮಾತ ಕೊಟ್ಟಿದ್ರಿ ಸಾಹೇಬ್ರ" ಎಂದಳು. "ನಮ್ಮ ಮಂದಿ ಬ್ಯಾಡ ಅಂತಿದ್ರು. ನಾನ ತಡದೀನಿ. ನಿನ್ನಿ ಜೀಪ್ ತಗೊಂಡ ಬಂದ್ರು, ಹರಾಜ್ ಹಿಡದೇವಿ ಅಂದ್ರು, ಮದ್ದ ಹಾಕಿದ್ರು, ಹೋದ್ರು. ಈಗ ಮನ್ಯಾಗ ನನಗ ಯಾರೂ ಮಾತಾಡಸಲ್ರಿ."

ಸಾಹೇಬರು ನಿಂತಲ್ಲೇ ನಿಂತರು. ಅಣ್ಣ ಮಾತ್ರ ಪಂಚೆ ಎತ್ತಿಕಟ್ಟಿ ನೀರಿಗಿಳಿದ. ಸತ್ತ ಮರಿಗಳನ್ನು ಎರಡೂ ಬೊಗಸೆಯಲ್ಲಿ ಎತ್ತಿ, ಒಂದೊಂದನ್ನೇ ಹೊರಳಿಸಿ ನೋಡಿ, ದಂಡೆಯ ಮೇಲೆ ರಾಶಿ ಹಾಕಿದ. ತಮ್ಮನಿಗೆ ಬುದ್ಧಿ ಹೇಳಲು ಬಂದವನು ಅಲ್ಲಿ ಕಾಣಲಿಲ್ಲ. ಮೀನು ಹಿಡಿಯುವವನೊಬ್ಬನೇ ಕಂಡ.

ಗುತ್ತಿಗೆ ಹಿಡಿದವನು ಭಾಲ್ಕಿಯ ವ್ಯಾಪಾರಿ. ಸಾಹೇಬರು ಅಂದೇ ಭಾಲ್ಕಿಗೆ ಹೋಗಬೇಕೆಂದರು. ಬಸ್ಸು ಹಿಡಿದು ಹೋದೆವು. ಆತ ತುಂಬ ಮರ್ಯಾದೆಯಿಂದ ಗಾದಿಯ ಮೇಲೆ ಕೂರಿಸಿ ಚಹ ತರಿಸಿದ. ಹೊಳೆಯ ಆ ಭಾಗವಷ್ಟನ್ನೂ ಕಂದಾಯದವರು ಹರಾಜಿಗಿಟ್ಟಿದ್ದರು. ಒಂದು ಮಡು ಬಿಡಬೇಕೆಂದು ತನಗೆ ಯಾರೂ ಹೇಳಿಲ್ಲ ಎಂದ. ಅದು ಸುಳ್ಳಾಗಿರಲಿಲ್ಲ. ಸಾಹೇಬರು ಕಂದಾಯ ಕಚೇರಿಗೆ ಕನ್ನಡದಲ್ಲಿ ಬರೆದು ಕೇಳಿಕೊಂಡಿದ್ದರು. ಅಲ್ಲಿ ಹಳೆಯ ಗುಮಾಸ್ತರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಓದಬಲ್ಲ ಹೊಸಬರು ಇನ್ನೂ ಬಂದಿರಲಿಲ್ಲ. ರಾಜ್ಯ ಸೇರಿ ಎರಡನೆಯ ಬೇಸಿಗೆ ಬಂದರೂ ಒಂದು ಕಚೇರಿಯ ಮಾತು ಇನ್ನೊಂದು ಕಚೇರಿಗೆ ತಲುಪುತ್ತಿರಲಿಲ್ಲ. ಉರ್ದುವಿನಲ್ಲಿ ಬರೆದುಕೊಡಬಲ್ಲ ನಾನು ಪಕ್ಕದಲ್ಲೇ ಇದ್ದೆ. ಅದು ಇಬ್ಬರಿಗೂ ಹೊಳೆಯಲಿಲ್ಲ.

ಮದ್ದು ಹಾಕುವುದು ಕಾನೂನಿಗೆ ವಿರುದ್ಧ ಎಂದು ಸಾಹೇಬರು ಗದರಿದರು. ವ್ಯಾಪಾರಿ ಕೈಮುಗಿದ. "ನಾ ಬಿಟ್ರ ನನ್ನ ಬಾಜೂಕಿನಾವ ಬಿಡ್ತಾನೇನ್ರಿ ಸಾಹೇಬ್ರ? ಒಂದ ವರ್ಷದ ಗುತ್ತಿಗಿ. ಮುಂದಿನ ವರ್ಷ ಹೊಳಿ ಯಾರದೋ ಏನೋ."

ಭಾಲ್ಕಿಯಿಂದ ಬೀದರಿಗೆ ರೈಲು ಸಂಜೆಗೆ. ಪ್ಲಾಟ್‌ಫಾರ್ಮಿನ ಬೇವಿನ ಮರದ ಕಟ್ಟೆಯ ಮೇಲೆ ಮೂವರೂ ಕುಳಿತೆವು. ಅಣ್ಣನ ಕೈಯಿಂದ ಇನ್ನೂ ಮೀನಿನ ವಾಸನೆ ಬರುತ್ತಿತ್ತು. ಅವನೇ ಮಾತು ತೆಗೆದ.

"ನೀ ಹೇಳಿದ್ದು ಸುಳ್ಳಲ್ಲ. ಮರಿ ಇದ್ರೆ ಮೀನು, ಅದ ನಂಗೆ ಯಾರೂ ಕಲಿಸಬೇಕಾಗಿಲ್ಲ. ಆದ್ರೆ ಆ ಮುದುಕಿ ಬಿಟ್ಟಳು, ಇವ ತಿಂದ. ನಾವು ಅಳಿವೆ ಬಿಟ್ರೆ ಅಲ್ಲೂ ಒಬ್ಬ ತಿನ್ನುವವ ಬತ್ತಾನೆ. ಬಿಟ್ಟವರು ಹಸ್ಕಂಡು ಕೂರೂದು, ಅಷ್ಟೇ. ಹಂಗಾದ್ರೆ ನಾವ್ ಎಂತಕ್ಕೆ ಬಿಡಬೇಕು? ನೀನೇ ಹೇಳು."

ಸಾಹೇಬರು ತೋರಿಸಬೇಕೆಂದಿದ್ದ ಜಾಗವೇ ಅಣ್ಣನ ಕಡೆಗೆ ಸಾಕ್ಷಿ ಹೇಳಿತ್ತು. ರೈಲು ಬಂತು. ಮರುದಿನ ಅಣ್ಣ ಊರಿಗೆ ಹೊರಟ. ಹೊರಡುವಾಗ ಧಕ್ಕೆಯ ವಿಷಯ ಇಬ್ಬರೂ ಎತ್ತಲಿಲ್ಲ. ತಮ್ಮನ ಒಪ್ಪಿಗೆಗೆ ಕಾಯುವ ಅಗತ್ಯ ಇನ್ನಿರಲಿಲ್ಲ. ಕೆಲವು ವಾರಗಳಲ್ಲಿ ಕೇರಿ ಒಪ್ಪಿತೆಂದು ಸುದ್ದಿ ಬಂತು. ಒಣಮೀನಿನ ಗಂಟು ಬರುವುದು ನಿಂತಿತು.

ಸಾಹೇಬರು ಕೊನೆಯ ಯತ್ನವೆಂದು ರಜೆ ಹಾಕಿ ಬೆಂಗಳೂರಿಗೆ ಹೋದರು. ಅಲ್ಲಿ ನಾಲ್ಕಾರು ಬಾಗಿಲು ತಟ್ಟಿ, ಕೊನೆಗೊಬ್ಬ ದೊಡ್ಡ ಅಧಿಕಾರಿಯ ಮುಂದೆ ನಿಂತರಂತೆ. ಆತ ಸಾವಧಾನದಿಂದ ಕೇಳಿ, ನೀವು ಈಗ ಬೀದರಿನವರು, ಬೀದರಿನ ಕೆರೆಗಳ ಬಗ್ಗೆ ಏನಾದರೂ ಇದ್ದರೆ ಹೇಳಿ ಎಂದನಂತೆ. ತಿರುಗಿ ಬಂದವರು ನನಗೆ ಇಷ್ಟೇ ಹೇಳಿದ್ದು. ಆ ದಿನ ಅವರ ಎಡಗೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

ಅದಾದ ಮೇಲಿನ ಅವರ ಸಿಟ್ಟೆಲ್ಲ ಮಾಂಜ್ರಾ ಮೇಲೆ ಬಿತ್ತು ಎಂದರೆ ಸರಿ. ನನ್ನಿಂದ ಉರ್ದುವಿನಲ್ಲಿ ಬರೆಸಿ, ತಾವು ಕನ್ನಡದಲ್ಲಿ ಬರೆದು, ಔರಾದದ ತಹಸೀಲ್ದಾರರ ಕೋಣೆಯ ಮುಂದೆ ದಿನಗಟ್ಟಲೆ ಕುಳಿತರು. ಊಟದ ಹೊತ್ತಿಗೆ ಅವರು ಹೊರಗೆ ಬಂದರೆ ಇವರು ಎದ್ದು ನಿಲ್ಲುವುದು, ಸಂಜೆ ಬೀಗ ಹಾಕುವಾಗ ಮತ್ತೆ ಎದ್ದು ನಿಲ್ಲುವುದು. ಕಡೆಗೆ ಆ ಮನುಷ್ಯ ಬೇಸತ್ತು ಮಡುವನ್ನು ಹರಾಜಿನಿಂದ ಹೊರಗಿಟ್ಟರು. ಇಡೀ ಜಿಲ್ಲೆಯಲ್ಲಿ ಒಂದು ಮಡು. ಅದಕ್ಕೆ ಅಷ್ಟು ಜೀವ ಹಿಂಡಬೇಕಾಯಿತು. ದಂಡೆಯ ಮೇಲೆ ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಬರೆದ ಫಲಕ ನೆಟ್ಟೆವು. ಗಂಗಾಬಾಯಿ ಅದರ ಬುಡಕ್ಕೆ ಮಣ್ಣು ತುಳಿಯುತ್ತಿದ್ದ ಸಾಹೇಬರನ್ನು ನೋಡಿ, ನಿಮ್ಮ ಹಲಗಿ ಕಾಯೂದಿಲ್ರಿ, ನಾವೇ ಕಾಯ್ತೇವಿ ಎಂದಳು. ಮಾತು ಕೊಡಬೇಡಿ ಎಂದೂ ಸೇರಿಸಿದಳು. ಸಾಹೇಬರು ತಲೆಯಾಡಿಸಿದರು. ಆಮೇಲೆ ಭೋಯಿಗಳು ಸರದಿಯ ಮೇಲೆ ಮಡುವಿನ ಹತ್ತಿರ ಮಲಗಲು ಶುರು ಮಾಡಿದರು.

ಕೊಲ್ಲಿಯ ಸಂಗತಿ ಏನಾಯಿತೆಂದರೆ, ಕಾಂಡ್ಲ ಕಡಿದು ಧಕ್ಕೆ ಕಟ್ಟಿದರು. ಐಸ್ ಕಾರ್ಖಾನೆಯೂ ಬಂತು. ಕೆಲವು ವರ್ಷ ಮೀನು ಕೊಳೆಯಲಿಲ್ಲ. ಕೇರಿಯಲ್ಲಿ ಹೆಂಚಿನ ಮನೆಗಳಾದವು. ಅದನ್ನು ಸಾಹೇಬರೇ ನನಗೆ ಹೇಳಿದರು. ಅಣ್ಣನ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಅದು ಒಳ್ಳೆಯದೇ ಅಲ್ಲವೇ ಎಂದು ನನ್ನನ್ನೇ ಕೇಳಿದರು. ಆಮೇಲೆ ಸೀಗಡಿ ಕಡಿಮೆಯಾಯಿತು. ಬಲೆಗೆ ಬೀಳುವ ಮೀನು ಸಣ್ಣದಾಯಿತು. ಹೊಳೆಯ ಮಣ್ಣನ್ನು ಹಿಡಿದಿಡುತ್ತಿದ್ದ ಬೇರುಗಳಿಲ್ಲದೆ ಆ ಮಣ್ಣೆಲ್ಲ ಧಕ್ಕೆಯ ಬುಡಕ್ಕೇ ಬಂದು ಕೂತಿತು. ಎಷ್ಟು ಹೂಳೆತ್ತಿದರೂ ಮಳೆಗಾಲಕ್ಕೆ ಮತ್ತೆ ತುಂಬುತ್ತಿತ್ತು. ಅದಿರಿನ ಹಡಗುಗಳು ಬೇರೆ ಬಂದರಿಗೆ ಹೋದವು. ಹಾಕಲು ಮೀನಿಲ್ಲದೆ ಐಸ್ ಕಾರ್ಖಾನೆಗೆ ಬೀಗ ಬಿತ್ತು. ಅಗ್ಗವೆಂದು ಕಟ್ಟಿದ್ದರಿಂದ ವ್ಯಾಪಾರವೂ ಉಳಿಯಲಿಲ್ಲ, ಕೊಲ್ಲಿಯೂ ಉಳಿಯಲಿಲ್ಲ. ಹೀಗೇ ಆಗುತ್ತದೆಂದು ಅವರು ಮೊದಲೇ ಹೇಳಿದ್ದರು. ಆದರೆ ಸುದ್ದಿ ಬಂದಾಗ ನೋಡಿದೆಯಾ ಎಂದು ಒಮ್ಮೆಯೂ ಅನ್ನಲಿಲ್ಲ. ಮೇಜಿನ ಡ್ರಾಯರನ್ನು ಎಳೆದು ಮುಚ್ಚಿ, ಎಳೆದು ಮುಚ್ಚಿ, ಎದ್ದು ಹೊರಗೆ ಹೋದರು.

ಬೀದರಿನಲ್ಲೇ ನಿವೃತ್ತಿಯಾದ ಮೇಲೆ ಅವರು ಊರಿಗೆ ಹೋದರು. ಎಷ್ಟೋ ವರ್ಷಗಳ ನಂತರ ಅಲ್ಲಿಯ ಒಂದು ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡರು. ಜೊತೆಯಲ್ಲಿ ಕೆಲಸ ಮಾಡಿದವನೆಂದು ನನ್ನನ್ನೂ ಕರೆದರು. ಬೀದರಿನಿಂದ ಹೊರಟು, ಬಸ್ಸು ರೈಲು ಬದಲಿಸುತ್ತ ಹೋಗಿ, ನಾನು ಮೊದಲ ಸಲ ಸಮುದ್ರ ನೋಡಿದೆ. ಅಷ್ಟು ವರ್ಷ ಒಂದು ಬಗ್ಗಿದ ಕೈಯಾಗಿ ನನಗೆ ಗೊತ್ತಿದ್ದ ಕೊಲ್ಲಿ ಬಹಳ ದೊಡ್ಡದಿತ್ತು, ಬಹಳ ಖಾಲಿ ಇತ್ತು.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಒಬ್ಬರಾದ ಮೇಲೊಬ್ಬರು ಅವರ ದೂರದೃಷ್ಟಿಯನ್ನು ಹೊಗಳಿದರು. ಅಂದು ಇವರ ಮಾತು ಕೇಳಿದ್ದರೆ ಎಂದು ಎಲ್ಲರೂ ಹೇಳಿದರು. ಹಾಗೆ ಹೇಳಿದವರಲ್ಲಿ ಅಂದಿನ ಅದಿರಿನ ವ್ಯಾಪಾರಿಯ ಮಗನೂ ಇದ್ದ. ಶಾಲು ಹೊದಿಸಿ ಮಾತಾಡಲು ಕೇಳಿದರು. ಸಾಹೇಬರು ಎದ್ದು, ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಮೈಕಿನ ಹತ್ತಿರ ಬಂದರು.

"ನಾನು ಹೇಳಿದ್ದು ಸರಿಯಾಯ್ತು ಅಂತ ಬೆಳಿಗ್ಗೆಯಿಂದ ಎಲ್ಲರೂ ಹೇಳ್ತಾ ಇದ್ದೀರಿ. ನನಗೆ ಸರಿಯಾಗುವುದು ಬೇಕಿರಲಿಲ್ಲ. ನಾನು ಹೇಳಿದ್ದು ತಪ್ಪಾಗಿ, ನೀವು ಇವತ್ತು ಸೀಗಡಿ ಹಿಡಿದು ಉಣ್ಣುತ್ತಿದ್ದರೆ ಬೇಕಿತ್ತು."

ಅಷ್ಟೇ ಹೇಳಿ ನಿಲ್ಲಿಸಿದರು. ಆಮೇಲೆ ಸಂಘದ ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಇಡೀ ಶಾಮಿಯಾನ ತಟ್ಟಿತು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದ ಮುಪ್ಪಾದ ಅಣ್ಣ ಮಾತ್ರ ಎರಡೂ ಕೈಯನ್ನು ಕೋಲಿನ ಮೇಲೆಯೇ ಇಟ್ಟುಕೊಂಡಿದ್ದ. ಸಾಹೇಬರು ವೇದಿಕೆ ಇಳಿದು ಬಂದು ಅವನ ಪಕ್ಕದಲ್ಲಿ ಕುಳಿತರು.